ಮೋಟಾರು ಸೈಕಲ್ಲಿಗೆ ಎಷ್ಟು ಮಂದದ ಆಯಿಲ್?

ಅಡಿಕೆ ಕೊಯ್ಲು ಆರಂಭವಾಯಿತೆಂದರೆ ನಮ್ಮ ಶಿಕಾರಿಪುರ, ಸೊರಬ ಸೀಮೆಯ ಮೋಟಾರು ಸೈಕಲ್ಲುಗಳಿಗೆ ಬಿಡುವಿಲ್ಲ. ಮನೆಯಿಂದ ತೋಟಕ್ಕೆ, ತೋಟದಿಂದ ಕಣಕ್ಕೆ, ಅಲ್ಲಿಂದ ಶಿರಾಳಕೊಪ್ಪ, ಆನವಟ್ಟಿಯ ಪೇಟೆಗೆ ದಿನಕ್ಕೆ ಹತ್ತು ಸಲ ಓಡಾಟ. ಹಿಂದಿನ ಸೀಟಿನ ಮೇಲೆ ಮೂಟೆ, ದಾರಿಯುದ್ದಕ್ಕೂ ಏರು. ಇಷ್ಟು ದುಡಿಯುವ ಗಾಡಿಗೆ ಆಯಿಲ್ ಕೊಳ್ಳುವಾಗ ಮಾತ್ರ ನಮ್ಮಲ್ಲಿ ಅನೇಕರು ಅಂಗಡಿಯಲ್ಲಿ ಹೇಳುವ ಮಾತು ಒಂದೇ: “ಗಾಡಿ ಹಳೇದಾಯ್ತು, ಸ್ವಲ್ಪ ದಪ್ಪನೆ ಆಯಿಲ್ ಕೊಡಿ.” ದಪ್ಪನೆಯ ಆಯಿಲ್ ಎಂದರೆ ಗಟ್ಟಿ ಆಯಿಲ್, ಗಟ್ಟಿ ಆಯಿಲ್ ಎಂದರೆ ಎಂಜಿನ್ನಿಗೆ ಒಳ್ಳೆಯದು ಎಂಬ ಈ ನಂಬಿಕೆ ಎಷ್ಟು ಸರಿ ಎಂಬುದನ್ನು ಬೆಳೆಗಾರ ಬಾಂಧವರು ಸ್ವಲ್ಪ ವಿಚಾರ ಮಾಡುವುದು ಒಳಿತು.

ಈ ನಂಬಿಕೆ ಹಳೆಯ ಗಾಡಿಗಳ ಕಾಲದ್ದು. ಮೈಸೂರಿನ ಕಾರ್ಖಾನೆಯ ಜಾವಾ, ಯೆಜ್ಡಿಗಳು ಎರಡು ಸ್ಟ್ರೋಕಿನವು. ಅವುಗಳ ಎಂಜಿನ್ನಿನ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸುತ್ತಿದ್ದೆವು. ಹಳೆಯ ಬುಲೆಟ್ಟಿನಲ್ಲಿ ಎಂಜಿನ್ನಿಗೆ, ಗೇರ್ ಪೆಟ್ಟಿಗೆಗೆ, ಕ್ಲಚ್ಚಿನ ಪೆಟ್ಟಿಗೆಗೆ ಬೇರೆ ಬೇರೆ ಎಣ್ಣೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ನಾಲ್ಕು ಸ್ಟ್ರೋಕಿನ ಸಣ್ಣ ಗಾಡಿಗಳು ಹಳ್ಳಿ ಹಳ್ಳಿಗೂ ಬಂದವು. ಇವುಗಳಲ್ಲಿ ಎಂಜಿನ್, ಗೇರು, ಕ್ಲಚ್ಚು ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಹೀಗೆ ಮೂರು ಕೆಲಸ ಮಾಡುವ ಆಯಿಲನ್ನು ಆರಿಸುವಾಗ ಅಂದಾಜು ಸಾಲದು.

ಡಬ್ಬಿಯ ಮೇಲಿನ 10ಡಬ್ಲ್ಯು-30, 20ಡಬ್ಲ್ಯು-40, 20ಡಬ್ಲ್ಯು-50 ಎಂಬ ಅಂಕಿಗಳ ಅರ್ಥವನ್ನು ಮೊದಲು ತಿಳಿಯೋಣ. ಇವು ಎಣ್ಣೆಯ ಮಂದತನದ ಗುರುತುಗಳೇ ಹೊರತು ಗುಣಮಟ್ಟದ ಗುರುತುಗಳಲ್ಲ. ಆಲೆಮನೆಯ ಜೋನಿ ಬೆಲ್ಲವನ್ನು ನೆನೆಯಿರಿ. ಕೊಪ್ಪರಿಗೆಯಿಂದ ಇಳಿಸಿದಾಗ ನೀರಿನಂತೆ ಹರಿಯುವುದು ಚಳಿಗಾಲದ ಬೆಳಿಗ್ಗೆ ಸೌಟಿನಿಂದ ಬೀಳುವುದೇ ಇಲ್ಲ. ಎಣ್ಣೆಯ ಸ್ವಭಾವವೂ ಇದೇ. ಆದುದರಿಂದ ಎರಡು ಅಂಕಿ. ಡಬ್ಲ್ಯು ಎಂದರೆ ಇಂಗ್ಲಿಷಿನ ವಿಂಟರ್, ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ ತಣ್ಣಗಿರುವಾಗಿನ ಮಂದತನವನ್ನೂ, ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಉಳಿಯುವ ಮಂದತನವನ್ನೂ ಹೇಳುತ್ತದೆ. ಅಂಕಿ ಹೆಚ್ಚಾದಷ್ಟೂ ಎಣ್ಣೆ ಮಂದ.

ಹಾಗಾದರೆ ಮಂದದ ಎಣ್ಣೆಯಿಂದ ನಷ್ಟವೇನು? ಎಂಜಿನ್ ಹೆಚ್ಚು ಸವೆಯುವುದು ಓಡುವಾಗಲ್ಲ, ಬೆಳಿಗ್ಗೆ ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ. ಎಣ್ಣೆಯೆಲ್ಲ ತಳಕ್ಕೆ ಇಳಿದಿರುತ್ತದೆ. ಅದನ್ನು ಪಂಪು ಮೇಲಕ್ಕೆತ್ತಿ ತಲೆಯ ಭಾಗಕ್ಕೆ ಮುಟ್ಟಿಸುವವರೆಗೆ ಲೋಹಕ್ಕೆ ಲೋಹ ಉಜ್ಜುತ್ತದೆ. ಮಂದದ ಎಣ್ಣೆ ನಿಧಾನವಾಗಿ ಮುಟ್ಟುತ್ತದೆ. ಮನೆಯಿಂದ ತೋಟಕ್ಕೆ ಅರ್ಧ ಮೈಲಿ ಹೋಗಿ ನಿಲ್ಲಿಸುವ ನಮ್ಮ ಗಾಡಿಗಳಿಗೆ ಇಂಥ ಮೊದಲ ಕ್ಷಣಗಳೇ ಹೆಚ್ಚು. ಇದರ ಮೇಲೆ, ಮಂದದ ಎಣ್ಣೆಯನ್ನು ಕಲಕುವುದಕ್ಕೇ ಎಂಜಿನ್ನಿನ ಶಕ್ತಿ ಸ್ವಲ್ಪ ಹೋಗಿ ಪೆಟ್ರೋಲು ಹೆಚ್ಚು ಉರಿಯುತ್ತದೆ.

ಹಾಗೆಂದು ತೀರ ತೆಳುವಾದುದೂ ಸಲ್ಲದು. ಏಪ್ರಿಲ್ ಬಿಸಿಲಿನಲ್ಲಿ, ಮೂಟೆ ಹೇರಿ, ಎರಡನೇ ಗೇರಿನಲ್ಲಿ ಏರು ಹತ್ತುವಾಗ ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ ಬಹಳ ಕಾಯುತ್ತದೆ. ಆಗ ತೆಳು ಎಣ್ಣೆಯ ಪದರ ಹರಿಯಬಹುದು. ತಯಾರಕರು ತಮ್ಮ ಎಂಜಿನ್ನಿನ ಸಂದುಗಳ ಅಳತೆ ನೋಡಿಯೇ ಅಂಕಿಯನ್ನು ಗೊತ್ತು ಮಾಡಿರುತ್ತಾರೆ. ಹೀರೋ ಸ್ಪ್ಲೆಂಡರಿಗೆ 10ಡಬ್ಲ್ಯು-30. ಬಜಾಜ್ ಪಲ್ಸರ್ 150ರ ಹಳೆಯ ಮಾದರಿಗಳಿಗೆ 20ಡಬ್ಲ್ಯು-50. ಎರಕದ ಎಂಜಿನ್ನಿನ ಬುಲೆಟ್ಟಿನ ನಂತರ ಬಂದ ರಾಯಲ್ ಎನ್‌ಫೀಲ್ಡ್ 350ಗಳಿಗೆ 15ಡಬ್ಲ್ಯು-50. ಒಂದೇ ಮನೆಯ ಎರಡು ಗಾಡಿಗೆ ಎರಡು ಬಗೆ ಬೇಕಾದೀತು. ನಿಮ್ಮ ಗಾಡಿಯ ಪುಸ್ತಕ ಹೇಳಿದ್ದೇ ಸರಿ.

ಅಂಕಿಯಷ್ಟೇ ಮುಖ್ಯವಾದ ಇನ್ನೊಂದು ಗುರುತಿದೆ. ಡಬ್ಬಿಯ ಹಿಂಭಾಗದಲ್ಲಿ “ಜಾಸೊ ಎಂಎ” ಅಥವಾ “ಎಂಎ2” ಎಂದು ಇರಬೇಕು. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಈ ಆಯಿಲ್ ತಕ್ಕುದೆಂದು ಇದರ ಅರ್ಥ. ಜಪಾನಿನ ವಾಹನ ಮಾನಕ ಸಂಸ್ಥೆ 1998ರಲ್ಲಿ ಇದನ್ನು ಜಾರಿಗೆ ತಂದಿತು. ಕಾರಿಗೆ ತಂದ ಆಯಿಲ್ ಉಳಿಯಿತೆಂದು ಬೈಕಿಗೆ ಸುರಿದರೆ, ಅದರಲ್ಲಿ ಜಾರಿಕೆ ಹೆಚ್ಚಿಸುವ ಪದಾರ್ಥವಿದ್ದ ಪಕ್ಷದಲ್ಲಿ ಕ್ಲಚ್ ಪ್ಲೇಟುಗಳು ಜಾರುತ್ತವೆ. ಎಂಜಿನ್ ಅಬ್ಬರಿಸುತ್ತದೆ, ಗಾಡಿ ಏರು ಹತ್ತುವುದಿಲ್ಲ. ಟ್ರ್ಯಾಕ್ಟರಿನ ಆಯಿಲನ್ನೂ ಈ ಗುರುತಿಲ್ಲದೆ ಹಾಕಬಾರದು. “ಎಂಬಿ” ಎಂಬ ಗುರುತಿನದು ಗೇರಿಲ್ಲದ ಸ್ಕೂಟರುಗಳಿಗೆ, ಗೇರಿನ ಬೈಕಿಗಲ್ಲ.

ಗಾಡಿ ನೀಲಿ ಹೊಗೆ ಬಿಟ್ಟು ಎಣ್ಣೆ ತಿನ್ನುತ್ತಿದ್ದರೆ ದಪ್ಪನೆಯ ಆಯಿಲ್ ಕೆಲವು ದಿನ ಹೊಗೆಯನ್ನು ಮರೆಮಾಡೀತು, ರೋಗ ವಾಸಿಯಾಗದು. ರಿಂಗು ಅಥವಾ ವಾಲ್ವಿನ ಸೀಲು ಸವೆದಿದೆಯೇ ಎಂದು ಮೆಕ್ಯಾನಿಕ್ಕರಿಂದ ನೋಡಿಸುವುದೇ ಉಪಾಯ. ತಡಮಾಡಿದಷ್ಟೂ ಖರ್ಚು ಬೆಳೆಯುತ್ತದೆ.

ಆಯಿಲ್ ಎಷ್ಟೇ ಒಳ್ಳೆಯದಾಗಿರಲಿ, ಮಟ್ಟ ಕಡಿಮೆಯಾದರೆ ವ್ಯರ್ಥ. ವಾರಕ್ಕೊಮ್ಮೆ ಗಾಡಿಯನ್ನು ಸಮನೆಲದಲ್ಲಿ ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೆಲವು ನಿಮಿಷ ಎಂಜಿನ್ ಓಡಿಸಿ, ಆರಿಸಿ, ಎರಡು ಮೂರು ನಿಮಿಷ ಬಿಟ್ಟು ಅಳತೆ ಕಡ್ಡಿಯನ್ನು ನೋಡಿ. ಸ್ಪ್ಲೆಂಡರಿನಂಥ ಗಾಡಿಗಳಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿಯದೆ ಸುಮ್ಮನೆ ಇಳಿಬಿಟ್ಟು ನೋಡತಕ್ಕದ್ದು. ಮೇಲಿನ ಗೆರೆ ದಾಟಿಸುವುದೂ ತಪ್ಪು. ಮಳೆಗಾಲದಲ್ಲಿ ಹಳ್ಳ ದಾಟಿದ ಮೇಲೆ ಕಡ್ಡಿಯಲ್ಲಿ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ತಿಳಿದು, ಗಾಡಿ ಓಡಿಸದೆ ಆಯಿಲ್ ಬದಲಾಯಿಸಿರಿ.

ಕಳೆ ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಪಂಪು ಇರುವವರಿಗೆ ಒಂದು ಮಾತು. ಎರಡು ಸ್ಟ್ರೋಕಿನ ಯಂತ್ರದ ಪೆಟ್ರೋಲಿಗೆ ಬೈಕಿನ ಆಯಿಲ್ ಬೆರೆಸಬೇಡಿ. ಅದು ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. 2ಟಿ ಆಯಿಲನ್ನೇ ಬೆರೆಸಿ. ಪುಸ್ತಕದಲ್ಲಿ 1:50 ಎಂದಿದ್ದರೆ ಲೀಟರಿಗೆ 20 ಮಿಲಿ, 1:25 ಎಂದಿದ್ದರೆ 40 ಮಿಲಿ.

ಕೊನೆಯದಾಗಿ ಒಂದು ಸಲಹೆ. ಗಾಡಿಯ ಪುಸ್ತಕ ತೆಗೆದು, ಆಯಿಲಿನ ಅಂಕಿಯನ್ನೂ ಜಾಸೊ ಗುರುತನ್ನೂ ಸೀಟಿನ ಅಡಿಯಲ್ಲಿ ಬಣ್ಣದಿಂದ ಬರೆದಿಡಿ. ಅಂಗಡಿಗೆ ನೀವೇ ಹೋಗಿ, ಮಗನನ್ನೇ ಕಳಿಸಿ, “ದಪ್ಪನೆಯದು ಕೊಡಿ” ಎನ್ನುವ ಬದಲು ಅದನ್ನೇ ಓದಿ ಹೇಳಿದರೆ ಸಾಕು.