ಹಗ್ಗ ಎಳೆದಷ್ಟೂ ಹೊತ್ತದ ಎಂಜಿನ್

ಪ್ರಶ್ನೆ: ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದೇಕೆ? ಸ್ಟಾರ್ಟ್ ಆದ ಮೇಲೂ ಎಳೆತ ಕಡಿಮೆಯೇಕೆ?

ಉತ್ತರ: ನಮ್ಮ ಕರಾವಳಿಯಲ್ಲಿ ಇಂಥ ಅನೇಕ ಎಂಜಿನ್‌ಗಳು ಪೆಟ್ರೋಲಿನಲ್ಲಿ ಹೊತ್ತಿ ಸೀಮೆಎಣ್ಣೆಯಲ್ಲಿ ಓಡುತ್ತವೆ. ತಣ್ಣಗಿನ ಎಂಜಿನ್‌ನಲ್ಲಿ ಸೀಮೆಎಣ್ಣೆ ಸುಲಭವಾಗಿ ಆವಿಯಾಗದು. ದಡ ಸೇರುವ ಮುನ್ನ ಪೆಟ್ರೋಲಿಗೆ ಬದಲಿಸದೆ ನಿಲ್ಲಿಸಿದರೆ ಕಾರ್ಬ್ಯುರೇಟರ್‌ನಲ್ಲಿ ಉಳಿಯುವುದು ಸೀಮೆಎಣ್ಣೆಯೇ. ಮರುದಿನ ತೋಳು ಸೋಲುವವರೆಗೂ ಹಗ್ಗ ಎಳೆಯಬೇಕು, ಪಾಪ.

ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿಸುವುದೂ ಅದೇ ಎಣ್ಣೆ. ಬಿಚ್ಚಿದ ಪ್ಲಗ್ ಕಪ್ಪಗೆ, ಒದ್ದೆಯಾಗಿದ್ದರೆ ಮೊದಲು ಅದನ್ನೇ ಬದಲಿಸುವುದು ಲೇಸು.

ಇನ್ನು ಎಳೆತ. ದೋಣಿ ಓಡುವಾಗ ಇಂಧನ ಪೈಪಿನ ರಬ್ಬರ್ ಬಲ್ಬ್ ಒತ್ತಿದೊಡನೆ ವೇಗ ಏರಿದರೆ ಎಂಜಿನ್‌ಗೆ ಇಂಧನ ಸಾಲುತ್ತಿಲ್ಲವೆಂದೇ ಅರ್ಥ. ಟ್ಯಾಂಕ್ ಮುಚ್ಚಳದ ಗಾಳಿತಿರುಪು ಮುಚ್ಚಿರಬಹುದು, ಪೈಪ್ ಸೀಳಿ ಗಾಳಿ ಎಳೆಯುತ್ತಿರಬಹುದು, ಫಿಲ್ಟರ್ ಕಟ್ಟಿರಬಹುದು. ಎಂಜಿನ್ ಅಬ್ಬರಿಸಿಯೂ ದೋಣಿ ಮುಂದೆ ಸಾಗದಿದ್ದರೆ, ಪ್ರೊಪೆಲ್ಲರ್ ನಡುವಿನ ರಬ್ಬರ್ ಬುಷ್ ಜಾರುತ್ತಿದೆಯೇ ಎಂದು ನೋಡಬೇಕು.