ಜೀಪಿಗೆ ದೊಡ್ಡ ಟೈರು ಹಾಕಿಸುವ ಮುನ್ನ



ಮಳೆಗಾಲ ಬಂತೆಂದರೆ ಮಲೆನಾಡಿನ ತೋಟದ ದಾರಿಗಳೆಲ್ಲ ಕೆಸರಿನ ಹೊಂಡಗಳಾಗುತ್ತವೆ. ಗೊಬ್ಬರ, ಅಡಿಕೆ, ಕಾಫಿ, ಕೆಲಸದವರು, ಎಲ್ಲಕ್ಕೂ ಜೀಪೇ ಗತಿ. ಚಕ್ರ ಹೂತು ನಿಂತಾಗ, "ಇನ್ನೂ ದೊಡ್ಡ ಟೈರು ಇದ್ದಿದ್ದರೆ!" ಎಂದು ಅನ್ನಿಸುವುದು ಸಹಜ. ಹಾಗೆಂದು ಪೇಟೆಗೆ ಹೋಗಿ ದೊಡ್ಡ ಟೈರು ಹಾಕಿಸಿ ತಂದವರು ಹಲವರು. ಅಂಗಡಿಯ ಮುಂದೆ ಸಮನೆಲದ ಮೇಲೆ ಅದು ಎಲ್ಲಿಯೂ ತಗಲುವುದಿಲ್ಲ. ಊರಿಗೆ ಬಂದು, ಮೂಟೆ ಹೇರಿ, ತಿರುವಿನಲ್ಲಿ ಸ್ಟೇರಿಂಗು ತಿರುಗಿಸಿದೊಡನೆ ಗರಗರ ಉಜ್ಜಲು ತೊಡಗುತ್ತದೆ.

ಇದನ್ನು ಅಲಕ್ಷ್ಯ ಮಾಡಕೂಡದು. ಟೈರಿನ ಪಕ್ಕದ ಗೋಡೆ ನೆಲ ತುಳಿಯುವ ಭಾಗಕ್ಕಿಂತ ತೆಳುವಾದುದು. ಮಡ್‌ಗಾರ್ಡಿನ ತಗಡಿನ ಅಂಚು ಅದನ್ನು ದಿನದಿನವೂ ಕೊರೆದರೆ ಒಂದು ದಿನ ಟೈರು ಒಡೆಯುತ್ತದೆ. ಬ್ರೇಕಿನ ಎಣ್ಣೆ ಹೋಗುವ ರಬ್ಬರು ಕೊಳವೆಗೆ ಟೈರು ಉಜ್ಜಿದರಂತೂ ಕೊಳವೆ ತೂತಾಗಿ ಬ್ರೇಕೇ ಹಿಡಿಯದು. ಘಾಟಿಯ ಇಳಿಜಾರಿನಲ್ಲಿ, ಹಿಂದೆ ಹತ್ತಾರು ಜನ ಕುಳಿತಿರುವಾಗ ಹೀಗಾದರೆ ಗತಿಯೇನು?

ಟೈರಿನ ಅಂಕಿಗಳ ಅರ್ಥ

ಟೈರಿನ ಪಕ್ಕದಲ್ಲಿ ಅದರ ಅಳತೆಯನ್ನು ಅಚ್ಚು ಹಾಕಿರುತ್ತಾರೆ. ಉದಾಹರಣೆಗೆ 245/75 ಆರ್ 16 ಎಂಬುದನ್ನು ತೆಗೆದುಕೊಳ್ಳಿ. ಟೈರಿನ ಅಗಲ 245 ಮಿ.ಮೀ. ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 75 ಭಾಗ, ಎಂದರೆ ಸುಮಾರು 184 ಮಿ.ಮೀ. ರಿಮ್ಮಿನ ಅಡ್ಡಳತೆ 16 ಅಂಗುಲ, ಅಂದರೆ 406 ಮಿ.ಮೀ. ರಿಮ್ಮಿನ ಮೇಲೊಂದು, ಕೆಳಗೊಂದು ಗೋಡೆ ಸೇರಿಸಿದರೆ ಚಕ್ರದ ಒಟ್ಟು ಎತ್ತರ 774 ಮಿ.ಮೀ. ಹಳೆಯ ಜೀಪುಗಳ 6.00-16 ಟೈರಿನಲ್ಲಿ ಅಗಲವನ್ನೂ ಅಂಗುಲದಲ್ಲಿಯೇ ಹೇಳಿದೆ: ಅಗಲ 6 ಅಂಗುಲ, ರಿಮ್ಮು 16 ಅಂಗುಲ.

ಈಗ 265/75 ಆರ್ 16 ಟೈರಿನ ಲೆಕ್ಕ ಹಾಕೋಣ. ಅದರ ಎತ್ತರ ಸುಮಾರು 804 ಮಿ.ಮೀ. ಮೊದಲಿನದಕ್ಕಿಂತ 30 ಮಿ.ಮೀ. ಹೆಚ್ಚು. ಆದರೆ ಇದರಲ್ಲಿ ಅರ್ಧ ಆಕ್ಸಲಿನ ಮೇಲೆ, ಅರ್ಧ ಕೆಳಗೆ ಹಂಚಿಹೋಗುತ್ತದೆ. ಆದುದರಿಂದ ಜೀಪು ನೆಲದಿಂದ ಏಳುವುದು ಕೇವಲ 15 ಮಿ.ಮೀ., ಸುಮಾರು ಒಂದು ಬೆರಳಿನಷ್ಟು. ಮೇಲಿನ 15 ಮಿ.ಮೀ. ಮಡ್‌ಗಾರ್ಡಿನ ಕಡೆಯ ಜಾಗವನ್ನು ತಿನ್ನುತ್ತದೆ. ಅಗಲದಲ್ಲಿ ಹೆಚ್ಚಾದ 20 ಮಿ.ಮೀ.ನಲ್ಲಿಯೂ, ಅದೇ ರಿಮ್ಮಿಗೆ ಹಾಕಿದಾಗ, 10 ಒಳಕ್ಕೆ, 10 ಹೊರಕ್ಕೆ ಬರುತ್ತದೆ.

ಉಜ್ಜುವುದು ಎಲ್ಲಿ, ಯಾವಾಗ?

ಎತ್ತಿನ ಗಾಡಿಯ ಚಕ್ರ ಇದ್ದಲ್ಲಿಯೇ ಉರುಳುತ್ತದೆ. ಜೀಪಿನ ಮುಂಚಕ್ರ ಹಾಗಲ್ಲ. ಅದು ಉರುಳುವುದರ ಜೊತೆಗೆ ಎಡಬಲಕ್ಕೆ ಹೊರಳುತ್ತದೆ, ಗುಂಡಿ ದಿಣ್ಣೆಗಳಲ್ಲಿ ಮೇಲೆ ಕೆಳಗೆ ಆಡುತ್ತದೆ. ಪೂರಾ ಹೊರಳಿದಾಗ ಅದರ ಒಳ ಅಂಚು ಕಮಾನುಪಟ್ಟಿಗೋ ಚಾಸಿಗೋ ತಗಲಬಹುದು. ಹೊಸ ಮಾದರಿಗಳಲ್ಲಿ ಚಕ್ರವನ್ನು ಹಿಡಿದ ತೋಳುಗಳಿಗೆ ತಗಲಬಹುದು. ಹೊರ ಅಂಚು ಮಡ್‌ಗಾರ್ಡಿನ ಮುಂದಿನ ಅಥವಾ ಹಿಂದಿನ ತುದಿಗೆ ತಗಲುತ್ತದೆ. ಭಾರ ಹೆಚ್ಚಿ ಬಾಡಿ ಕುಗ್ಗಿದಾಗ ಟೈರಿನ ನೆತ್ತಿ ಮಡ್‌ಗಾರ್ಡಿನ ಒಳಮೈಗೆ ಮುಟ್ಟುತ್ತದೆ. ಹೊರಳುವುದೂ ಕುಗ್ಗುವುದೂ ಒಟ್ಟಿಗೆ ಆದಾಗಲೇ ಅಪಾಯ ಹೆಚ್ಚು. ಅಂಗಡಿಯ ಮುಂದೆ ಕಾಣದೆ ತೋಟದ ದಾರಿಯಲ್ಲಿ ಕಾಣುವುದಕ್ಕೆ ಇದೇ ಕಾರಣ.

ಪರೀಕ್ಷಿಸುವ ಕ್ರಮ

ಹಣ ಕೊಡುವ ಮೊದಲೇ, ಈಗಿರುವ ಟೈರಿನಲ್ಲಿಯೇ ಈ ಪರೀಕ್ಷೆ ಮಾಡತಕ್ಕದ್ದು.

1. ಜೀಪಿಗೆ ನಿತ್ಯ ಹೇರುವಷ್ಟು ಭಾರ ಹೇರಿ. ಖಾಲಿ ಜೀಪಿನ ಅಳತೆ ಪ್ರಯೋಜನಕ್ಕಿಲ್ಲ.

2. ಒಂದು ಮುಂಚಕ್ರವನ್ನು ಗಟ್ಟಿಯಾದ, ಸುಮಾರು ಒಂದು ಅಡಿ ಎತ್ತರದ ದಿಣ್ಣೆಯ ಮೇಲೆ ನಿಧಾನವಾಗಿ ಹತ್ತಿಸಿ ನಿಲ್ಲಿಸಿ. ಸ್ಟೇರಿಂಗನ್ನು ಒಂದು ಕಡೆಗೆ ಪೂರಾ ತಿರುಗಿಸಿ. ಇಂಜಿನು ನಿಲ್ಲಿಸಿ, ಕೈಬ್ರೇಕು ಹಾಕಿ, ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಆ ಮೇಲೆಯೇ ಕೈ ಹಾಕಿ ಅಳೆಯಿರಿ. ಜಾಕಿಯ ಮೇಲೆ ನಿಂತ ಜೀಪಿನ ಕೆಳಗೆ ಎಂದೂ ನುಗ್ಗಕೂಡದು.

3. ಟೈರಿನ ನೆತ್ತಿಗೂ ಮಡ್‌ಗಾರ್ಡಿಗೂ ಇರುವ ಸಂದು, ಒಳ ಅಂಚಿಗೂ ಕಮಾನುಪಟ್ಟಿ, ಚಾಸಿ, ಬ್ರೇಕು ಕೊಳವೆಗಳಿಗೂ ಇರುವ ಸಂದು, ಎರಡನ್ನೂ ಬರೆದುಕೊಳ್ಳಿ. ಸ್ಟೇರಿಂಗನ್ನು ಇನ್ನೊಂದು ಕಡೆಗೆ ತಿರುಗಿಸಿ ಹೀಗೆಯೇ ಮಾಡಿ. ನಾಲ್ಕು ಚಕ್ರಗಳನ್ನೂ ಒಂದೊಂದಾಗಿ ಪರೀಕ್ಷಿಸಿ.

4. ಮೇಲಿನ ಉದಾಹರಣೆಯ ಪ್ರಕಾರ ನೆತ್ತಿಯ ಸಂದಿನಿಂದ 15, ಒಳಗಿನ ಸಂದಿನಿಂದ 10 ಮಿ.ಮೀ. ಕಳೆಯಿರಿ. ಕಳೆದ ಮೇಲೂ ಒಂದು ಬೆರಳು ಧಾರಾಳವಾಗಿ ಆಡುವಷ್ಟು ಜಾಗ ಉಳಿಯಬೇಕು. ಟೈರಿಗೆ ಕೆಸರೂ ಮೆತ್ತುತ್ತದೆ ಎಂಬುದನ್ನು ಮರೆಯಬೇಡಿ.

5. ಲೆಕ್ಕದಲ್ಲಿ ಸರಿ ಬಂದರೆ, ಮೊದಲು ಒಂದೇ ಟೈರನ್ನು ಮುಂಚಕ್ರಕ್ಕೆ ಹಾಕಿಸಿ. ಅನುಮಾನವಿರುವ ಕಡೆಗಳಲ್ಲಿ ಹೆಬ್ಬೆರಳು ದಪ್ಪದ ಜೇಡಿಮಣ್ಣಿನ ಉಂಡೆ ಮೆತ್ತಿ. ಟೈರಿನ ಅಂಚಿಗೆ ಸುಣ್ಣ ಬಳಿಯಿರಿ. ಫೋರ್ ವೀಲ್ ಹಾಕದೆ ಕಣದಲ್ಲಿ ನಿಧಾನವಾಗಿ ಎಡಕ್ಕೂ ಬಲಕ್ಕೂ ಸುತ್ತಿ ಬನ್ನಿ. ಮಣ್ಣು ಎಷ್ಟು ಚಪ್ಪಟೆಯಾಗಿದೆ, ಸುಣ್ಣ ಎಲ್ಲಿ ಹತ್ತಿದೆ ಎಂದು ನೋಡಿದರೆ ತಗಲುವ ಜಾಗ ತಾನಾಗಿ ತಿಳಿಯುತ್ತದೆ.

ತಗಲಿದರೆ ಏನು ಮಾಡಬಹುದು?

ಪೂರಾ ಹೊರಳಿದಾಗ ಮಾತ್ರ ಸ್ವಲ್ಪ ತಗಲುವುದಾದರೆ, ಚಕ್ರದ ಹೊರಳನ್ನು ತಡೆಯುವ ಬೋಲ್ಟನ್ನು ಮೆಕ್ಯಾನಿಕ್ಕಿನಿಂದ ಎರಡೂ ಕಡೆ ಸಮನಾಗಿ ಸರಿಮಾಡಿಸಬಹುದು. ಆಗ ಜೀಪು ತಿರುಗಲು ಹೆಚ್ಚು ಜಾಗ ಬೇಕಾಗುತ್ತದೆ. ಇಕ್ಕಟ್ಟಾದ ತಿರುವುಗಳಲ್ಲಿ ಹಿಂದೆ ಮುಂದೆ ಮಾಡಬೇಕಾದೀತು.

ಒಳ ಅಂಚು ತಗಲಿದರೆ ಚಕ್ರವನ್ನು ಹೊರಕ್ಕೆ ತರುವ ರಿಮ್ಮನ್ನೋ ಸ್ಪೇಸರನ್ನೋ ಹಾಕುವುದುಂಟು. ಆದರೆ ಹೊರಕ್ಕೆ ಬಂದ ಚಕ್ರ ಹೊರಳುವಾಗ ದೊಡ್ಡ ಸುತ್ತು ಸುತ್ತುತ್ತದೆ, ಮಡ್‌ಗಾರ್ಡಿನ ತುದಿಗೆ ತಗಲುತ್ತದೆ. ಒಳಗಿನ ರೋಗ ಹೊರಗೆ ಬಂದಂತಾಯಿತು. ಬೇರಿಂಗಿನ ಮೇಲೂ ಒತ್ತಡ ಹೆಚ್ಚುತ್ತದೆ.

ಬಾಡಿಯನ್ನು ಎತ್ತರಿಸಿದರೆ ಎಲ್ಲ ಸರಿಯಾಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಉದ್ದದ ಸ್ಪ್ರಿಂಗು ಹಾಕಿದ ಜೀಪು ನಿಂತಾಗ ಎತ್ತರವಾಗಿ ಕಾಣುತ್ತದೆ. ಆದರೆ ಗುಂಡಿಗೆ ಬಿದ್ದಾಗ ಚಕ್ರ ಮೊದಲಿನಷ್ಟೇ ಮೇಲಕ್ಕೆ ಏಳಬಲ್ಲುದು. ಅದನ್ನು ತಡೆಯುವುದು ಬಂಪ್ ಸ್ಟಾಪ್ ಎಂಬ ರಬ್ಬರು ತುಂಡು. ಅದನ್ನೂ ಲೆಕ್ಕ ನೋಡಿ ಎತ್ತರಿಸದಿದ್ದರೆ ಉಜ್ಜುವುದು ತಪ್ಪದು. ಎತ್ತರವಾದ ಜೀಪು ಓರೆಯಾದ ದಾರಿಯಲ್ಲಿ ಬೇಗ ಮಗುಚುತ್ತದೆ ಎಂಬುದೂ ನೆನಪಿರಲಿ.

ನೆನಪಿಡಬೇಕಾದ ಇತರ ಸಂಗತಿಗಳು

ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರಬೇಕು, ಸ್ಟೆಪ್ನಿಯೂ ಅದೇ ಆಗಿರಬೇಕು. ಅಳತೆ ಬೇರೆಯಾದರೆ ಫೋರ್ ವೀಲ್ ಹಾಕಿದಾಗ ಗೇರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಮೇಲಿನ ಉದಾಹರಣೆಯ ದೊಡ್ಡ ಟೈರಿನಲ್ಲಿ ಮೀಟರು 60 ಕಿಲೋಮೀಟರು ತೋರಿಸುವಾಗ ನಿಜವಾದ ವೇಗ ಸುಮಾರು 62 ಇರುತ್ತದೆ. ಏರಿನಲ್ಲಿ ಎಳೆತ ಕಡಿಮೆಯಾಗುತ್ತದೆ, ಬ್ರೇಕಿಗೆ ಕೆಲಸ ಹೆಚ್ಚುತ್ತದೆ.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಜೀಪಿನ ಕೈಪಿಡಿಯಲ್ಲಿರುವ ಅಳತೆಗಳನ್ನು ಮೀರುವುದಾದರೆ ಮೊದಲೇ ನೋಂದಣಿ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿರಿ. ಅಪಘಾತವಾದ ಮೇಲೆ ವಿಚಾರಿಸಿ ಫಲವಿಲ್ಲ.

ದೊಡ್ಡ ಟೈರೇ ಬೇಕೆ?

ಕೆಸರಿನಲ್ಲಿ ಹಿಡಿತ ಕೊಡುವುದು ಟೈರಿನ ಎತ್ತರಕ್ಕಿಂತ ಹೆಚ್ಚಾಗಿ ಅದರ ಹಲ್ಲು. ಇದ್ದ ಅಳತೆಯಲ್ಲಿಯೇ ಕೆಸರಿಗೆ ತಕ್ಕ ಆಳದ ಹಲ್ಲಿನ ಟೈರು ಹಾಕಿಸಿದರೆ ಉಜ್ಜುವ ಮಾತೇ ಇಲ್ಲ. ಜಾಗವಿದ್ದರೆ ಮಳೆಯ ದಿನಗಳಿಗೆ ಒಂದು ಜೊತೆ ಚೈನು ಇಟ್ಟುಕೊಳ್ಳಬಹುದು. ಇನ್ನೂ ಅಗ್ಗದ ಉಪಾಯ ನಿಮ್ಮ ಕೈಯಲ್ಲಿಯೇ ಇದೆ. ಮಳೆಗೆ ಮುಂಚೆ ನೆರೆಹೊರೆಯವರು ಸೇರಿ ದಾರಿಯ ಪಕ್ಕಕ್ಕೆ ಚರಂಡಿ ತೋಡಿ, ಹೂಳುವ ಕಡೆ ಕಲ್ಲು ಹಾಸಿದರೆ ಎಲ್ಲರ ಜೀಪೂ ಗಾಡಿಯೂ ಸರಾಗವಾಗಿ ಸಾಗುತ್ತವೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಮಡ್‌ಗಾರ್ಡಿನ ಒಳಗೆ ಇರುವ ಜಾಗವೇ ಟೈರಿನ ಹಾಸಿಗೆ. ಮೊದಲು ಅದನ್ನು ಅಳೆಯಿರಿ, ಅಂಗಡಿಗೆ ಆಮೇಲೆ ಹೋಗಿರಿ.