ಮೊಬೈಲಿನಲ್ಲಿ ಕಾಣದ ರಿಯಾಯಿತಿ

ರಜೆ ಹತ್ತಿರವಾದಂತೆ ದೂರದ ಊರಿನಲ್ಲಿ ಓದುವ ಮಕ್ಕಳಿಗೆ ಮನೆಯ ನೆನಪು, ಮನೆಯಲ್ಲಿರುವ ಹೆತ್ತವರಿಗೆ ರೈಲು ಟಿಕೆಟ್ಟಿನ ಚಿಂತೆ. ಸುರಪುರ ಸೀಮೆಯ ಕಕ್ಕೇರಾದಂಥ ಊರುಗಳಿಗೆ ಈ ಚಿಂತೆ ತುಸು ಹೆಚ್ಚೇ. ಊರಿಗೆ ರೈಲಿಲ್ಲ. ಸುರಪುರ, ಶಹಾಪುರ ಹಾಯ್ದು, ಭೀಮಾ ಸೇತುವೆ ದಾಟಿ ಯಾದಗಿರಿ ಮುಟ್ಟಿದರೆ ಉದ್ಯಾನ್ ಎಕ್ಸ್‌ಪ್ರೆಸ್, ಬಸವ ಎಕ್ಸ್‌ಪ್ರೆಸ್‌ಗಳ ದರ್ಶನ. ರಿಸರ್ವೇಶನ್ ಮಾಡಿಸಲೆಂದೇ ಇಷ್ಟು ದೂರ ಹೋಗಿಬರಬೇಕಾಗಿದ್ದ ಕಾಲವೊಂದಿತ್ತು.

2002ರಲ್ಲಿ ಐಆರ್‌ಸಿಟಿಸಿ ಇಂಟರ್‌ನೆಟ್ ಮೂಲಕ ಟಿಕೆಟ್ ಮಾರಲು ಆರಂಭಿಸಿತು. ಮೊದಮೊದಲು ಟಿಕೆಟ್ ಕೊರಿಯರ್‌ನಲ್ಲಿ ಮನೆಗೆ ಬರುತ್ತಿತ್ತು. ಈಗ ಮೊಬೈಲಿಗೆ ಬರುವ ಸಂದೇಶವೇ ಸಾಕು. ರೈಲಿಲ್ಲದ ಊರಿಗೂ ರಿಸರ್ವೇಶನ್ ಕೌಂಟರ್ ಬಂದಂತಾಯಿತು. ಆದರೆ ಮೊಬೈಲಿನ ಈ ಕೌಂಟರ್‌ನಲ್ಲಿ ಒಂದು ವಸ್ತು ಮಾತ್ರ ಸಿಗುವುದಿಲ್ಲ: ವಿದ್ಯಾರ್ಥಿಗಳಿಗೆ ರೈಲ್ವೆ ಕೊಡುವ ರಿಯಾಯಿತಿ.

ಇದೆ, ಆದರೆ ಕಾಣದು

ರಿಯಾಯಿತಿಯನ್ನೇ ತೆಗೆದುಹಾಕಿದ್ದಾರೆ ಎಂದು ನಂಬಿದವರು ಬಹಳ ಮಂದಿ. ಇದಕ್ಕೆ ಕಾರಣವೂ ಇದೆ. ಕೊರೊನಾ ಹಬ್ಬುತ್ತಿದ್ದ 2020ರ ಮಾರ್ಚ್‌ನಲ್ಲಿ ರೈಲ್ವೆ ಇಲಾಖೆ ಬಹುತೇಕ ರಿಯಾಯಿತಿಗಳನ್ನು ನಿಲ್ಲಿಸಿತು. 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50ರಷ್ಟಿದ್ದ ಹಿರಿಯ ನಾಗರಿಕರ ರಿಯಾಯಿತಿ ಆಗ ಹೋದದ್ದು ಮರಳಿ ಬರಲಿಲ್ಲ. ಆದರೆ ಅಂಗವಿಕಲರು, ರೋಗಿಗಳು ಮತ್ತು ವಿದ್ಯಾರ್ಥಿಗಳು, ಈ ಮೂರು ವರ್ಗಗಳ ರಿಯಾಯಿತಿಯನ್ನು ಉಳಿಸಿಕೊಳ್ಳಲಾಯಿತು. ಮೊಬೈಲಿನಲ್ಲಿ ಕಾಣದ್ದನ್ನು ಜನ ಇಲ್ಲವೆಂದೇ ತಿಳಿದರು.

ರಜೆಯಲ್ಲಿ ಊರಿಗೆ ಬಂದುಹೋಗಲು ಮತ್ತು ಶೈಕ್ಷಣಿಕ ಪ್ರವಾಸಕ್ಕೆ, ಸೆಕೆಂಡ್ ಕ್ಲಾಸ್ ಹಾಗೂ ಸ್ಲೀಪರ್‌ನ ಮೂಲ ದರದಲ್ಲಿ ಸಾಮಾನ್ಯ ವರ್ಗದ ವಿದ್ಯಾರ್ಥಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 75 ರಿಯಾಯಿತಿ ಉಂಟು. ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 25, ಪರಿಶಿಷ್ಟರಿಗೆ 27. ಹವಾನಿಯಂತ್ರಿತ ಬೋಗಿಗೂ ತತ್ಕಾಲ್ ಟಿಕೆಟ್ಟಿಗೂ ಇದು ಅನ್ವಯಿಸದು. ಕಾಲೇಜಿನ ಪ್ರಾಂಶುಪಾಲರು ರೈಲ್ವೆ ನಿಗದಿಪಡಿಸಿದ ನಮೂನೆಯಲ್ಲಿ ಸಹಿ, ಮೊಹರು ಹಾಕಿ ಕೊಡಬೇಕು. ಆ ಕಾಗದವನ್ನು ರಿಸರ್ವೇಶನ್ ಕೌಂಟರ್‌ಗೇ ಒಯ್ದು ಕೊಟ್ಟು ಟಿಕೆಟ್ ಪಡೆಯಬೇಕು.

ಲೆಕ್ಕ ಹಾಕಿ ನೋಡಿ

ಸ್ಲೀಪರ್‌ನ ಮೂಲ ದರ 300 ರೂಪಾಯಿ ಎಂದಿಟ್ಟುಕೊಳ್ಳಿ. ರಿಸರ್ವೇಶನ್ ಶುಲ್ಕ 20, ಸೂಪರ್‌ಫಾಸ್ಟ್ ರೈಲಾದರೆ ಇನ್ನೂ 30. ಒಟ್ಟು 350. ರಿಯಾಯಿತಿ ಸಿಗುವುದು ಮೂಲ ದರದ 300ರಲ್ಲಿ ಮಾತ್ರ. ಉಳಿದ 50 ರೂಪಾಯಿಯನ್ನು ಎಲ್ಲರೂ ಪೂರ್ತಿ ಕೊಡಲೇಬೇಕು. ಹೀಗಾಗಿ ಸಾಮಾನ್ಯ ವರ್ಗದ ವಿದ್ಯಾರ್ಥಿ 200 ರೂಪಾಯಿ, ಪರಿಶಿಷ್ಟ ವರ್ಗದ ವಿದ್ಯಾರ್ಥಿ 125 ರೂಪಾಯಿ ಕೊಟ್ಟರಾಯಿತು. ಉಳಿತಾಯ 150 ಇಲ್ಲವೇ 225. ಮೊಬೈಲಿನಲ್ಲಿ ತೆಗೆದರೆ ಪೂರ್ತಿ 350ರ ಜೊತೆಗೆ ಸೇವಾಶುಲ್ಕವೂ ಸೇರುತ್ತದೆ.

ಈಗ ಇನ್ನೊಂದು ತಕ್ಕಡಿ ನೋಡಿ. ಕಕ್ಕೇರಾದ ತಂದೆ ಯಾದಗಿರಿಯ ಕೌಂಟರ್‌ಗೆ ಹೋಗಿಬರಲು ಎರಡು ಕಡೆಯ ಬಸ್ ಚಾರ್ಜು ಕೊಡಬೇಕು. ಅಂದಿನ ಕೂಲಿಯೂ ಹೋಯಿತು. ಉಳಿಸಿದ್ದು ಅಲ್ಲೇ ಕರಗಿತು. ತಾಯಿ ಹೋದರೆ 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ ನಿಜ. ಆದರೆ ಆಕೆಯ ದಿನವೂ ಪುಕ್ಕಟೆಯೇನಲ್ಲ. ಯಾರಿಗೆ ರಿಯಾಯಿತಿ ಹೆಚ್ಚು ಅಗತ್ಯವೋ ಅವರಿಗೇ ಅದು ಹೆಚ್ಚು ದುಬಾರಿ ಬೀಳುತ್ತಿದೆ. ಮನೆಯ ಹತ್ತಿರವೇ ಸ್ಟೇಷನ್ ಇರುವ ನಗರದವರಿಗೆ ಈ ತೊಂದರೆ ತಿಳಿಯುವುದೇ ಇಲ್ಲ.

ಒಂದೇ ಮನೆ, ಎರಡು ಟಿಕೆಟ್

ಮನೆಮಂದಿಯೆಲ್ಲ ಕೂಡಿ ಹೊರಟರೆ ಗೊಂದಲ ಇನ್ನೂ ಹೆಚ್ಚು. ಒಂದು ಟಿಕೆಟ್ಟಿನಲ್ಲಿ ಆರು ಜನರವರೆಗೆ ಹೆಸರು ಸೇರಿಸಬಹುದು. ಅಪ್ಪ, ಅಮ್ಮ, ಅಜ್ಜಿ, ತಂಗಿಯರ ಟಿಕೆಟ್ಟನ್ನು ಮೊಬೈಲಿನಲ್ಲಿ ತೆಗೆದು, ಕಾಲೇಜಿನ ಮಗಳದ್ದನ್ನು ಮಾತ್ರ ಕೌಂಟರ್‌ನಲ್ಲಿ ಪಡೆದರೆ ಏನಾಗುತ್ತದೆ? ಎರಡು ಪಿಎನ್‌ಆರ್ ಸಂಖ್ಯೆಗಳಾಗುತ್ತವೆ. ಇವರೆಲ್ಲ ಒಂದೇ ಮನೆಯವರೆಂದು ಕಂಪ್ಯೂಟರಿಗೆ ಹೇಗೆ ಗೊತ್ತು? ಮಗಳ ಬೋಗಿಯೇ ಬೇರೆಯಾಗಬಹುದು. ಮನೆಯವರ ಟಿಕೆಟ್ ಖಾತ್ರಿಯಾಗಿ ಮಗಳದ್ದು ವೇಟಿಂಗ್ ಲಿಸ್ಟ್‌ನಲ್ಲೇ ಉಳಿಯಲೂಬಹುದು. ಇಂಟರ್‌ನೆಟ್ ಟಿಕೆಟ್ಟಿನಲ್ಲಿ ಎಲ್ಲ ಹೆಸರುಗಳೂ ವೇಟಿಂಗ್‌ನಲ್ಲೇ ಉಳಿದರೆ ಚಾರ್ಟ್ ತಯಾರಾದ ಮೇಲೆ ಅದು ತಾನಾಗಿಯೇ ರದ್ದಾಗಿ ಹಣ ಮರಳುತ್ತದೆ. ಕೌಂಟರ್ ಟಿಕೆಟ್ಟು ಹಾಗಲ್ಲ, ನಾವೇ ರದ್ದು ಮಾಡಿಸಬೇಕು.

ಅಜ್ಜಿಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ದರದ ರಿಯಾಯಿತಿ ಹೋದರೂ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್‌ನ ಕೋಟಾ ಉಳಿದಿದೆ. ಆದರೆ ಆ ಟಿಕೆಟ್ಟಿನಲ್ಲಿ ಒಬ್ಬರು ಅಥವಾ ಇಬ್ಬರಿಗಷ್ಟೇ ಅವಕಾಶ. ಮನೆಮಂದಿಯ ಟಿಕೆಟ್ಟಿನಲ್ಲೇ ಅಜ್ಜಿಯ ಹೆಸರು ಸೇರಿಸಿದರೆ ಈ ಕೋಟಾ ಸಿಗದು. ಮಕ್ಕಳ ಬಗ್ಗೆಯೂ ಗಮನವಿರಲಿ: 2016ರ ಏಪ್ರಿಲ್‌ನಿಂದ 5ರಿಂದ 11 ವಯಸ್ಸಿನವರಿಗೆ ಪ್ರತ್ಯೇಕ ಬರ್ತ್ ಬೇಕೆಂದರೆ ಪೂರ್ತಿ ದರ.

ಏನು ಮಾಡಬಹುದು?

ರಿಯಾಯಿತಿಯ ಕಾಗದ ಹುಟ್ಟುವುದು ಕಾಲೇಜಿನಲ್ಲಿ. ಆದ್ದರಿಂದ ಟಿಕೆಟ್ಟನ್ನೂ ಕಾಲೇಜಿರುವ ಊರಿನಲ್ಲೇ ತೆಗೆಯುವುದು ಜಾಣತನ. ದೇಶದ ರಿಸರ್ವೇಶನ್ ಕೌಂಟರ್‌ಗಳೆಲ್ಲ ಒಂದೇ ಜಾಲದಲ್ಲಿರುವುದರಿಂದ ಬೆಂಗಳೂರಿನ ಕೌಂಟರ್‌ನಲ್ಲಿಯೇ ಯಾದಗಿರಿಯಿಂದ ಮರಳುವ ಟಿಕೆಟ್ಟನ್ನೂ ಪಡೆಯಬಹುದು. ಹೋಗುವ, ಬರುವ ಎರಡೂ ಪಯಣಗಳಿಗೆ ನಮೂನೆ ಹೇಗಿರಬೇಕೆಂದು ಕಾಲೇಜಿನ ಆಫೀಸಿನಲ್ಲಿ ಮೊದಲೇ ಕೇಳಿಕೊಳ್ಳಿ. 2024ರ ನವೆಂಬರ್‌ನಿಂದ ಮುಂಗಡ ರಿಸರ್ವೇಶನ್ ಅವಧಿ 120 ದಿನಗಳಿಂದ 60ಕ್ಕೆ ಇಳಿದಿದೆ. ರಜೆಯ ದಿನಾಂಕ ಗೊತ್ತಾದ ದಿನವೇ ನಮೂನೆಗೆ ಅರ್ಜಿ ಕೊಡುವುದು ಕ್ಷೇಮ. ಮನೆಮಂದಿ ಜೊತೆಯಾಗಿ ಹೋಗುವುದಾದರೆ ಮೊಬೈಲನ್ನು ಬದಿಗಿಟ್ಟು ಕೌಂಟರ್‌ನಲ್ಲಿಯೇ ಎಲ್ಲರ ಹೆಸರು ಬರೆಸುವುದು ಲೇಸು. ಸಂದೇಹ ಬಂದರೆ ರೈಲ್ವೆ ಸಹಾಯವಾಣಿ 139 ಇದ್ದೇ ಇದೆ.

ಆಗದ ಕೆಲಸವೇನಲ್ಲ

ವಿದ್ಯಾರ್ಥಿ ಹೌದೋ ಅಲ್ಲವೋ ಎಂದು ಪರೀಕ್ಷಿಸದೆ ರಿಯಾಯಿತಿ ಕೊಟ್ಟರೆ ದುರುಪಯೋಗವಾದೀತು ಎಂಬ ಅಂಜಿಕೆ ಸಹಜ. ಆದರೆ ಅಂಗವಿಕಲರ ವಿಷಯದಲ್ಲಿ ಇದಕ್ಕೆ ಉಪಾಯವನ್ನು ರೈಲ್ವೆಯೇ ಕಂಡುಕೊಂಡಿದೆ. ಒಮ್ಮೆ ದಾಖಲೆಗಳನ್ನು ಪರಿಶೀಲಿಸಿ ಸಂಖ್ಯೆಯುಳ್ಳ ಗುರುತಿನ ಚೀಟಿ ಕೊಡುತ್ತದೆ. ಆ ಸಂಖ್ಯೆ ಕೊಟ್ಟು ಅವರು ಮನೆಯಿಂದಲೇ ರಿಯಾಯಿತಿ ಟಿಕೆಟ್ ಪಡೆಯುತ್ತಾರೆ. ವಿದ್ಯಾರ್ಥಿಗೂ ವರ್ಷಕ್ಕೊಂದು ಅಂಥ ಚೀಟಿ ಕೊಡುವುದು ಅಸಾಧ್ಯವೇ? ಪ್ರವೇಶದ ವೇಳೆ ಕಾಲೇಜೇ ಇದನ್ನು ದೃಢೀಕರಿಸಬಹುದು.

ಗದಗ–ವಾಡಿ ಹೊಸ ಮಾರ್ಗ ಪೂರ್ಣಗೊಂಡು ಸುರಪುರ ಸೀಮೆಗೆ ರೈಲು ಬರಲಿ ಎಂದು ಇಲ್ಲಿಯವರು ಕಾಯುತ್ತಿದ್ದಾರೆ. ಹಳಿ ಹಾಸಲು ವರ್ಷಗಳೇ ಬೇಕು. ರಿಯಾಯಿತಿಯನ್ನು ಮೊಬೈಲಿಗೆ ತರಲು ಅಷ್ಟು ಕಾಲ ಬೇಡ. ಅಲ್ಲಿಯವರೆಗೆ ಇರುವ ಹಕ್ಕನ್ನು ಬಿಟ್ಟುಕೊಡದೆ, ಈ ರಜೆಗೇ ನಿಮ್ಮ ಕಾಲೇಜಿನ ಆಫೀಸಿನಲ್ಲಿ ಆ ನಮೂನೆಯನ್ನು ಕೇಳಿ ಪಡೆಯಿರಿ.